ಫೀಲ್ಡ್‌ಗೆ ಹೋಗುವ ಖರ್ಚು ಯಾರ ಜೇಬಿನಿಂದ?

1831ರ ಆಗಸ್ಟ್‌ನಲ್ಲಿ ಕೇಂಬ್ರಿಜ್‌ನ ಭೂವಿಜ್ಞಾನದ ಪ್ರೊಫೆಸರ್ ಆಡಂ ಸೆಡ್ಜ್‌ವಿಕ್ ಉತ್ತರ ವೇಲ್ಸ್‌ನ ಬೆಟ್ಟಗಳ ಕಡೆ ಹೊರಟರು. ಜೊತೆಗೆ ಆಗಷ್ಟೇ ಓದು ಮುಗಿಸಿದ್ದ 22ರ ಹುಡುಗನೊಬ್ಬ ಇದ್ದ. ಹೆಸರು ಚಾರ್ಲ್ಸ್ ಡಾರ್ವಿನ್. ಬಂಡೆಯ ಪದರಗಳನ್ನು ನೋಡಿ ಅರ್ಥ ಮಾಡಿಕೊಳ್ಳುವುದು, ನೋಡಿದ್ದನ್ನು ನಕ್ಷೆಗೆ ಇಳಿಸುವುದು, ಇದೆಲ್ಲ ಅವನಿಗೆ ಕೈಗೆ ಹತ್ತಿದ್ದು ಆ ಸುತ್ತಾಟದಲ್ಲಿ. ಮನೆಗೆ ವಾಪಸ್ ಬಂದಾಗ ಬೀಗಲ್ ಹಡಗಿನಲ್ಲಿ ಹೋಗುವ ಅವಕಾಶದ ಪತ್ರ ಕಾಯುತ್ತಿತ್ತು. ಅಪ್ಪ ಮೊದಲು ಬೇಡವೇ ಬೇಡ ಅಂದರು. ಸೋದರಮಾವ ಜೋಸಯ್ಯ ವೆಜ್‌ವುಡ್ ಮಧ್ಯೆ ಬಂದು ಒಪ್ಪಿಸಿದರು. ಆ ಹಡಗಿನಲ್ಲಿ ಡಾರ್ವಿನ್‌ಗೆ ಸಂಬಳ ಇರಲಿಲ್ಲ. ಸುಮಾರು ಐದು ವರ್ಷದ ಖರ್ಚು ಅಪ್ಪನದೇ.

ಅದಕ್ಕೂ ಮುಂಚೆ, 1799ರಲ್ಲಿ, ಜರ್ಮನಿಯ ನಿಸರ್ಗ ವಿಜ್ಞಾನಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ದಕ್ಷಿಣ ಅಮೆರಿಕಕ್ಕೆ ಹೊರಟಿದ್ದು ತಾಯಿ ಬಿಟ್ಟುಹೋದ ಆಸ್ತಿಯ ದುಡ್ಡಿನಲ್ಲಿ. ಐದು ವರ್ಷದ ಆ ಪಯಣ ಅವರ ಪಾಲಿನ ಆಸ್ತಿಯಲ್ಲಿ ದೊಡ್ಡ ಭಾಗವನ್ನೇ ನುಂಗಿತು.

ಇಬ್ಬರೂ ಮಹಾ ಪ್ರತಿಭಾವಂತರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಬ್ಬರಿಗೂ ಮನೆ ಕಡೆಯಿಂದ ದುಡ್ಡಿತ್ತು. ಅಷ್ಟೇ ಬುದ್ಧಿ ಇದ್ದು ದುಡ್ಡಿಲ್ಲದೆ ಊರಲ್ಲೇ ಉಳಿದವರ ಹೆಸರು ನಮಗೆ ಗೊತ್ತಾಗುವುದಿಲ್ಲ, ಅಲ್ವಾ? ಪರಿಸರ ವಿಜ್ಞಾನ, ಭೂವಿಜ್ಞಾನದ ಎಂಎಸ್ಸಿ ಮತ್ತು ಪಿಎಚ್‌ಡಿ ವಿದ್ಯಾರ್ಥಿಗಳ ಕಲಿಕಾ ಪ್ರಯಾಣಕ್ಕೆ, ಅಂದರೆ ಬಂಡೆ, ಮಣ್ಣು, ಹಿಮ ಇರುವ ಜಾಗಕ್ಕೇ ಹೋಗಿ ಮಾಡುವ ಫೀಲ್ಡ್ ಕೆಲಸಕ್ಕೆ, ಇವತ್ತು ಬೇರೆ ಬೇರೆ ಕಡೆಯಿಂದ ಹಣ ಸಿಗುತ್ತದೆ. ಈ ಹಣ ಎಲ್ಲಿಂದ ಬರುತ್ತದೆ, ಯಾವುದಕ್ಕೆ ಸಲ್ಲುತ್ತದೆ, ಯಾವಾಗ ಕೈಗೆ ಸಿಗುತ್ತದೆ ಅನ್ನುವುದು ಹೊರಗಿನವರಿಗೆ ಗೋಜಲು. ಒಳಗಿನವರಿಗೂ ಕಮ್ಮಿ ಗೋಜಲೇನಲ್ಲ. ನನ್ನ ಪ್ರಕಾರ ಈ ಮೂರರಲ್ಲಿ ಕೊನೆಯ ಪ್ರಶ್ನೆಯೇ ಮುಖ್ಯ. ಅದಕ್ಕೆ ಆಮೇಲೆ ಬರೋಣ.

ಫೋಟೋದಲ್ಲಿ ಕಾಣದ್ದು

ಉಪಗ್ರಹದ ಚಿತ್ರ ಇದೆ, ಡ್ರೋನ್ ಇದೆ, ಎಲ್ಲ ಡೇಟಾ ಕಂಪ್ಯೂಟರ್‌ನಲ್ಲೇ ಸಿಗುತ್ತದೆ. ಮತ್ತೆ ಯಾಕೆ ಹೋಗಬೇಕು? ದುಡ್ಡು ಕೊಡುವವರು ಕೇಳುವ ಮೊದಲ ಪ್ರಶ್ನೆ ಇದು. ನ್ಯಾಯವಾದದ್ದೇ.

ಒಂದು ಬಂಡೆಗೋಡೆಯ ಫೋಟೋ ನೋಡುತ್ತಿದ್ದೀರಿ ಅಂದುಕೊಳ್ಳಿ. ಪದರಗಳು ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ ಅಡ್ಡಡ್ಡ ಇವೆ. ಇವು ಮಟ್ಟಸವಾಗಿ ಕೂತಿವೆ ಅಂತ ನೀವು ಬರೆದುಕೊಳ್ಳುತ್ತೀರಿ. ಅದೇ ಜಾಗಕ್ಕೆ ಹೋಗಿ, ಗೋಡೆಯ ಮೂಲೆ ತಿರುಗಿ ಪಕ್ಕದ ಮುಖ ನೋಡಿದರೆ ಅದೇ ಪದರಗಳು 30 ಡಿಗ್ರಿ ಓರೆಯಾಗಿ ನೆಲಕ್ಕೆ ಇಳಿದಿರಬಹುದು. ಪದರ ವಾಲಿದ ದಿಕ್ಕಿಗೆ ಸರಿಯಾಗಿ ಅಡ್ಡಲಾಗಿ ಗೋಡೆ ಕೊರೆದಿದ್ದರೆ ಆ ಓರೆ ಎದುರಿನಿಂದ ಕಾಣುವುದೇ ಇಲ್ಲ. ಮೂಲೆ ತಿರುಗಬೇಕು. ಪದರದ ಮೇಲೆ ಕಂಪಾಸ್ ಇಟ್ಟು ದಿಕ್ಕು, ಓರೆ ಎರಡನ್ನೂ ಅಳೆಯಬೇಕು. ಇದನ್ನು ಕ್ಲಾಸಿನಲ್ಲಿ ಬೋರ್ಡ್ ಮೇಲೆ ಬರೆದು ಹೇಳಬಹುದು, ಹೇಳುತ್ತಾರೆ ಕೂಡ. ಆದರೆ ಒಮ್ಮೆ ಕಣ್ಣಾರೆ ಮೋಸ ಹೋದವರು ಮತ್ತೆ ಒಂದೇ ಮುಖ ನೋಡಿ ತೀರ್ಮಾನ ಬರೆಯುವುದಿಲ್ಲ.

ಮಣ್ಣಿನದೂ ಅದೇ ಕಥೆ. ಒಂದು ಹಿಡಿ ಮಣ್ಣು ಒದ್ದೆ ಮಾಡಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿಯ ಹಾಗೆ ಹೊರಗೆ ತಳ್ಳುತ್ತಾರೆ. 2.5 ಸೆಂಟಿಮೀಟರ್ ಆಗುವ ಮುಂಚೆಯೇ ಪಟ್ಟಿ ಮುರಿದರೆ ಜೇಡಿ ಕಮ್ಮಿ. 5 ಸೆಂಟಿಮೀಟರ್ ದಾಟಿಯೂ ಜೋತಾಡುತ್ತಿದ್ದರೆ ಜೇಡಿ ಜಾಸ್ತಿ. ಲ್ಯಾಬ್ ಇಲ್ಲದ ಕಡೆ ಮಣ್ಣನ್ನು ಅಂದಾಜು ಮಾಡುವ ಕ್ರಮ ಇದು. ಬೆರಳಿಗೆ ಅಭ್ಯಾಸ ಆಗಬೇಕು. ಓದಿ ಬರುವಂಥದ್ದಲ್ಲ.

ಹಾಗಂತ ಸುಮ್ನೆ ಹೋಗಿ ಬಂದರೆ ಎಲ್ಲ ಬಂದುಬಿಡುತ್ತದೆ ಅನ್ನುವಂತಿಲ್ಲ. ಡಾರ್ವಿನ್ ಮತ್ತು ಸೆಡ್ಜ್‌ವಿಕ್ ವೇಲ್ಸ್‌ನ ಕುಮ್ ಇಡ್ವಾಲ್ ಕಣಿವೆಯಲ್ಲಿ ಗಂಟೆಗಟ್ಟಲೆ ಬಂಡೆಗಳನ್ನು ಪರಿಶೀಲಿಸಿದರು. ಹಿಮನದಿ ಉಜ್ಜಿದ ಗೀರುಗಳು, ಅದು ತಂದು ಹಾಕಿದ ದೊಡ್ಡ ಕಲ್ಲುಗಳು ಸುತ್ತಲೂ ಇದ್ದವು. ಇಬ್ಬರ ಕಣ್ಣಿಗೂ ಒಂದೂ ಬೀಳಲಿಲ್ಲ. ವೇಲ್ಸ್ ಒಂದು ಕಾಲದಲ್ಲಿ ಹಿಮದಡಿ ಇತ್ತು ಅನ್ನುವ ವಿಚಾರವೇ ಅವರ ತಲೆಯಲ್ಲಿ ಇರಲಿಲ್ಲ. 1842ರಲ್ಲಿ ಡಾರ್ವಿನ್ ಅದೇ ಕಣಿವೆಗೆ ಮತ್ತೆ ಹೋದಾಗ ಎಲ್ಲವೂ ಎದ್ದು ಕಂಡವು. ನಡುವಿನ ಹತ್ತು ವರ್ಷದಲ್ಲಿ ಹಿಮಯುಗದ ವಿಚಾರ ಚರ್ಚೆಗೆ ಬಂದಿತ್ತು.

ಕಲಿಕೆಯ ಬಗ್ಗೆ ಅಧ್ಯಯನ ಮಾಡಿದ ಡೇವಿಡ್ ಕೋಲ್ಬ್ 1984ರಲ್ಲಿ ಅನುಭವದ ಕಲಿಕೆಯನ್ನು ನಾಲ್ಕು ಹಂತದ ಸುತ್ತು ಎಂದು ವಿವರಿಸಿದ್ದೂ ಇದನ್ನೇ. ಅನುಭವ ಆಗಬೇಕು. ಅದರ ಬಗ್ಗೆ ಕೂತು ಯೋಚಿಸಬೇಕು. ಅದರಿಂದ ಒಂದು ವಿಚಾರ ಕಟ್ಟಬೇಕು. ಆ ವಿಚಾರವನ್ನು ಇನ್ನೊಂದು ಕಡೆ ಪರೀಕ್ಷಿಸಬೇಕು. ಪ್ರಯಾಣದ ಹಣ ಮೊದಲ ಹಂತಕ್ಕೆ ಮಾತ್ರ ಸಾಲುತ್ತದೆ. ಉಳಿದ ಮೂರನ್ನು ಹೇಗೆ ಮಾಡುತ್ತೀರಿ ಎಂದು ಕೇಳದೆ ದುಡ್ಡು ಕೊಡುವ ನಿಧಿ ಪ್ರವಾಸಕ್ಕೆ ಕೊಟ್ಟ ಹಾಗೆಯೇ.

ಹಣ ಬರುವ ದಾರಿಗಳು

ಮೊದಲನೆಯದು ಗೈಡ್‌ನ, ಅಂದರೆ ಸಂಶೋಧನೆಗೆ ಮಾರ್ಗದರ್ಶನ ಮಾಡುವ ಪ್ರಾಧ್ಯಾಪಕರ, ಪ್ರಾಜೆಕ್ಟ್. ಗೈಡ್‌ಗೆ ದೊಡ್ಡ ಅನುದಾನ ಇದ್ದರೆ ಅದರಲ್ಲಿ ಪ್ರಯಾಣದ ಬಾಬ್ತು ಇರುತ್ತದೆ. ಇದು ಸುಲಭದ ದಾರಿ. ಆದರೆ ಆ ಹಣ ಆ ಪ್ರಾಜೆಕ್ಟಿನ ಕೆಲಸಕ್ಕೆ ಕಟ್ಟಿಹಾಕಿದ ಹಣ. ವಿದ್ಯಾರ್ಥಿ ಬೇರೆ ಜಾಗ ನೋಡಬೇಕು, ಬೇರೆ ತಂಡದ ಜೊತೆ ಕಲಿಯಬೇಕು ಅಂದರೆ ಅದು ಸಿಗುವುದು ಕಷ್ಟ.

ಎರಡನೆಯದು ವಿಭಾಗದ ದತ್ತಿನಿಧಿ. ಹಳೆಯ ವಿದ್ಯಾರ್ಥಿಗಳು ಕೊಟ್ಟಿದ್ದೇ ಜಾಸ್ತಿ. ಇದರ ಲೆಕ್ಕ ಹಲವರಿಗೆ ಗೊತ್ತಿರುವುದಿಲ್ಲ. ಒಂದು ಲಕ್ಷ ಡಾಲರ್ ದತ್ತಿ ಇದೆ ಅಂದರೆ ವರ್ಷಕ್ಕೆ ಒಂದು ಲಕ್ಷ ಖರ್ಚು ಮಾಡಬಹುದು ಅಂತಲ್ಲ. ಅಸಲನ್ನು ಮುಟ್ಟುವುದಿಲ್ಲ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ ಶೇ 4ರಿಂದ 5ರಷ್ಟನ್ನು ಮಾತ್ರ ವರ್ಷದ ಖರ್ಚಿಗೆ ಬಿಡುತ್ತಾರೆ. ಅಂದರೆ ಕೈಗೆ ಬರುವುದು ನಾಲ್ಕೈದು ಸಾವಿರ. ದೂರದ ಫೀಲ್ಡ್‌ಗೆ ಇಬ್ಬರನ್ನು ಕಳಿಸುವಷ್ಟರಲ್ಲಿ ಮುಗಿಯಿತು. ಮೇಲಾಗಿ ದಾನಿ ಬರೆದ ಷರತ್ತು ಇರುತ್ತದೆ. ಬಂಡೆಗಳ ಅಧ್ಯಯನಕ್ಕೆ ಎಂದು ಕೊಟ್ಟ ಹಣದಲ್ಲಿ ಜೌಗು ಪ್ರದೇಶದ ಹಕ್ಕಿ ಎಣಿಸಲು ಆಗುವುದಿಲ್ಲ.

ಮೂರನೆಯದು ವೃತ್ತಿಸಂಘಗಳು. ಗಣಿ ಭೂವಿಜ್ಞಾನಿ ಆರ್.ಎ.ಎಫ್. ಪೆನ್‌ರೋಸ್ 1931ರಲ್ಲಿ ತೀರಿಕೊಂಡಾಗ ಜಿಯಾಲಜಿಕಲ್ ಸೊಸೈಟಿ ಆಫ್ ಅಮೆರಿಕಕ್ಕೆ 40 ಲಕ್ಷ ಡಾಲರ್‌ಗೆ ಹತ್ತಿರದ ಮೊತ್ತ ಬಿಟ್ಟುಹೋದರು. ಆ ಸಂಘ ಸಂಶೋಧನೆಗೆ ಅನುದಾನ ಕೊಡುವಷ್ಟು ಗಟ್ಟಿಯಾಗಿದ್ದು ಅದರಿಂದ. ಇವತ್ತಿಗೂ ಅದು ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಫೀಲ್ಡ್ ಕೆಲಸದ ಅನುದಾನ ಕೊಡುತ್ತದೆ. ಅಮೆರಿಕನ್ ಫಿಲಾಸಫಿಕಲ್ ಸೊಸೈಟಿಯ ಲೂಯಿಸ್ ಅಂಡ್ ಕ್ಲಾರ್ಕ್ ನಿಧಿ ಫೀಲ್ಡ್ ಅಧ್ಯಯನಕ್ಕಾಗಿಯೇ ಇರುವುದು. ಸಿಗ್ಮಾ ಕ್ಸೈ ಎಂಬ ವಿಜ್ಞಾನಿಗಳ ಸಂಘ, ಸೊಸೈಟಿ ಆಫ್ ಎಕನಾಮಿಕ್ ಜಿಯಾಲಜಿಸ್ಟ್ಸ್, ಇಂಟರ್‌ನ್ಯಾಷನಲ್ ಅಸೋಸಿಯೇಷನ್ ಆಫ್ ಸೆಡಿಮೆಂಟಾಲಜಿಸ್ಟ್ಸ್ ಕೂಡ ವಿದ್ಯಾರ್ಥಿಗಳಿಗೆ ಕೊಡುತ್ತವೆ. ಇವೆಲ್ಲ ಸಣ್ಣ ಮೊತ್ತದವು, ಕೆಲವು ಸಾವಿರ ಡಾಲರ್ ಒಳಗಿನವು. ಒಂದರಿಂದಲೇ ಪೂರ್ತಿ ಖರ್ಚು ಹುಟ್ಟುವುದು ಅಪರೂಪ. ಎರಡು ಮೂರು ಸೇರಿಸಿ ಹೊಲಿಯಬೇಕು.

ನಾಲ್ಕನೆಯ ದಾರಿಯನ್ನು ವಿದ್ಯಾರ್ಥಿಗಳು ಮರೆತೇಬಿಡುತ್ತಾರೆ. ದುಡ್ಡನ್ನು ಕೈಗೆ ಕೊಡದೆ ಜಾಗ ಕೊಡುವವರು. ಯುರೋಪಿಯನ್ ಒಕ್ಕೂಟದ ನೆರವಿನ ಇಂಟರ್‌ಆಕ್ಟ್ ಜಾಲ ಆರ್ಕ್ಟಿಕ್ ಸುತ್ತಲಿನ ಸಂಶೋಧನಾ ಠಾಣೆಗಳಿಗೆ ಹೊರಗಿನ ಸಂಶೋಧಕರನ್ನು ಕರೆಸಿ, ಪ್ರಯಾಣ ಮತ್ತು ವಸತಿ ಎರಡನ್ನೂ ಭರಿಸುವ ವ್ಯವಸ್ಥೆ ಮಾಡಿತ್ತು. ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆಯುವ ಹಡಗು 1985ರಿಂದ 2024ರವರೆಗೆ ಸಮುದ್ರತಳದ ಮಾದರಿ ತೆಗೆಯಿತು. ಅದರಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳೂ ವಿಜ್ಞಾನಿಗಳ ತಂಡದಲ್ಲೇ ಇರುತ್ತಿದ್ದರು. ಸುಮಾರು ಎರಡು ತಿಂಗಳು, ದಿನಕ್ಕೆ 12 ಗಂಟೆ ಪಾಳಿ, ಬೇರೆ ಬೇರೆ ದೇಶದವರ ಜೊತೆ. ಇಂಥ ಕಲಿಕೆಯನ್ನು ಯಾವ ವಿಭಾಗವೂ ತನ್ನ ದತ್ತಿಯಿಂದ ಕೊಳ್ಳಲಾರದು. ಆ ಹಡಗು ನಿಂತಿದ್ದು ವಿದ್ಯಾರ್ಥಿಗಳಿಗೆ ದೊಡ್ಡ ನಷ್ಟ. ಇನ್ನು ಕೋಸ್ಟಾರಿಕಾದ ಕಾಡಿನಲ್ಲಿ 1963ರಿಂದ ಕೆಲಸ ಮಾಡುತ್ತಿರುವ ಆರ್ಗನೈಸೇಷನ್ ಫಾರ್ ಟ್ರಾಪಿಕಲ್ ಸ್ಟಡೀಸ್ ಥರದ ಸಂಸ್ಥೆಗಳು ಫೀಲ್ಡ್ ಕೋರ್ಸನ್ನೇ ನಡೆಸುತ್ತವೆ. ಅಲ್ಲಿ ಕೋರ್ಸ್ ಶುಲ್ಕಕ್ಕೆ ರಿಯಾಯಿತಿ ಕೇಳಲು ಅವಕಾಶ ಇದೆಯೇ ಎಂದು ವಿಚಾರಿಸುವುದು ಮೊದಲ ಕೆಲಸ.

ಬಜೆಟ್‌ನಲ್ಲಿ ತಪ್ಪಿಹೋಗುವ ಸಾಲುಗಳು

ವಿಮಾನ, ವಸತಿ, ಊಟ. ಇವು ಮೂರನ್ನು ಎಲ್ಲರೂ ಬರೆಯುತ್ತಾರೆ. ಮಿಕ್ಕಿದ್ದು ಆಮೇಲೆ ಜೇಬಿಗೆ ಕೈ ಹಾಕಿಸುತ್ತದೆ.

ಮಾದರಿಗಳನ್ನು ಸಾಗಿಸುವ ಖರ್ಚನ್ನೇ ತೆಗೆದುಕೊಳ್ಳಿ. ನೀರಿನಲ್ಲಿ ನೈಟ್ರೇಟ್ ಅಳೆಯಬೇಕಾದರೆ ಬಾಟಲಿಯನ್ನು ತಂಪಾಗಿಟ್ಟು, ಸಾಮಾನ್ಯವಾಗಿ 48 ಗಂಟೆಯೊಳಗೆ ಲ್ಯಾಬ್‌ಗೆ ಮುಟ್ಟಿಸಿ ಪರೀಕ್ಷಿಸಬೇಕು. ತಡವಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ನೈಟ್ರೇಟ್ ಪ್ರಮಾಣವನ್ನೇ ಬದಲಿಸಿಬಿಡುತ್ತವೆ. ಹೊಳೆಯ ದಂಡೆಯಿಂದ ಲ್ಯಾಬ್‌ಗೆ ಎರಡು ದಿನದಲ್ಲಿ ಐಸ್ ಪೆಟ್ಟಿಗೆ ಸೇರಿಸುವ ಖರ್ಚು ಕೆಲವೊಮ್ಮೆ ಹೋಗಿಬರುವ ಟಿಕೆಟ್‌ಗಿಂತ ಜಾಸ್ತಿ ಆಗುತ್ತದೆ. ಮಣ್ಣನ್ನು ದೇಶ ದಾಟಿಸುವುದಂತೂ ಬೇರೆಯದೇ ಕಥೆ. ಮಣ್ಣಿನ ಜೊತೆ ರೋಗ, ಕೀಟ ಬರಬಹುದು ಎಂದು ಹಲವು ದೇಶಗಳಲ್ಲಿ ಅದಕ್ಕೆ ಪ್ರತ್ಯೇಕ ಅನುಮತಿ ಬೇಕು.

ಆಮೇಲೆ ವೀಸಾ, ಲಸಿಕೆ, ವಿಮೆ. ದೂರದ ಜಾಗದಿಂದ ಹೆಲಿಕಾಪ್ಟರ್‌ನಲ್ಲಿ ಆಸ್ಪತ್ರೆಗೆ ಸಾಗಿಸುವುದು ಮಾಮೂಲಿ ಪ್ರಯಾಣ ವಿಮೆಯಲ್ಲಿ ಸೇರಿರುತ್ತದೆ ಎಂದು ಅಂದುಕೊಳ್ಳಬೇಡಿ, ಓದಿ ನೋಡಿ. ಸ್ಯಾಟಲೈಟ್ ಫೋನ್ ಬಾಡಿಗೆ. ಒಳ್ಳೆಯ ಬೂಟು. ಇದು ಸಣ್ಣ ವಿಷಯ ಅನಿಸುತ್ತದೆ, ಆದರೆ ಹಿಮ, ಮಳೆ ತಡೆಯುವ ಬಟ್ಟೆ-ಬೂಟಿನ ಬೆಲೆ ಕೇಳಿಯೇ ಫೀಲ್ಡ್ ಕೋರ್ಸ್ ಬಿಟ್ಟವರಿದ್ದಾರೆ. ಹೆಚ್ಚಿನ ನಿಧಿಗಳು ಸ್ವಂತ ಬಳಕೆಯ ವಸ್ತುಗಳಿಗೆ ಹಣ ಕೊಡುವುದಿಲ್ಲ. ವಿಭಾಗವೇ ಒಂದು ಕಪಾಟಿನಲ್ಲಿ ಬೂಟು, ಟೆಂಟ್, ಜಾಕೆಟ್ ಇಟ್ಟು ಎರವಲು ಕೊಟ್ಟರೆ ಈ ತೊಂದರೆ ಅಲ್ಲಿಗೆ ಮುಗಿಯುತ್ತದೆ.

ಮನೆಯಲ್ಲಿ ಚಿಕ್ಕ ಮಗು ಇರುವ ವಿದ್ಯಾರ್ಥಿನಿ ಮೂರು ವಾರ ಹೊರಗೆ ಹೋದರೆ ಮಗುವನ್ನು ನೋಡಿಕೊಳ್ಳುವ ಖರ್ಚು ಬೀಳುತ್ತದೆ. ಬಹಳಷ್ಟು ಬಜೆಟ್ ನಮೂನೆಗಳಲ್ಲಿ ಅದಕ್ಕೆ ಕಾಲಮ್ಮೇ ಇರುವುದಿಲ್ಲ. ಅಂಗವಿಕಲ ವಿದ್ಯಾರ್ಥಿಯ ಜೊತೆ ಹೋಗುವ ಸಹಾಯಕರ ಖರ್ಚಿಗೂ ಅಷ್ಟೇ.

ದುಡ್ಡು ಯಾವಾಗ ಬರುತ್ತದೆ

ಈಗ ಮುಖ್ಯ ಮಾತಿಗೆ ಬರೋಣ. ಪ್ರಯಾಣದ ನಿಧಿಗಳಲ್ಲಿ ಬಹಳಷ್ಟು ನಡೆಯುವುದು ರೀಇಂಬರ್ಸ್‌ಮೆಂಟ್ ಲೆಕ್ಕದಲ್ಲಿ. ಮೊದಲು ನೀವು ಖರ್ಚು ಮಾಡಿ, ಬಿಲ್ ಕೊಡಿ, ಆಮೇಲೆ ನಾವು ಕೊಡುತ್ತೇವೆ. ಕೇಳಲು ಸರಿಯಾಗಿಯೇ ಇದೆ. ಸಾರ್ವಜನಿಕ ಹಣ, ಲೆಕ್ಕ ಬೇಕು.

ಆದರೆ ಇದನ್ನು ಕ್ಯಾಲೆಂಡರ್ ಮೇಲೆ ಇಟ್ಟು ನೋಡಿ. ಜುಲೈನ ಫೀಲ್ಡ್‌ಗೆ ಏಪ್ರಿಲ್‌ನಲ್ಲಿ ಟಿಕೆಟ್ ತೆಗೆಯಬೇಕು, ಇಲ್ಲದಿದ್ದರೆ ದರ ಏರುತ್ತದೆ. ಮೇ ತಿಂಗಳಲ್ಲಿ ಸಂಶೋಧನಾ ಠಾಣೆಯ ಮುಂಗಡ ಕಟ್ಟಬೇಕು. ಜುಲೈನಲ್ಲಿ ವಾಹನ, ಇಂಧನ, ಊಟ. ಆಗಸ್ಟ್‌ನಲ್ಲಿ ವಾಪಸ್ ಬಂದು ಬಿಲ್ ಜೋಡಿಸಿ ಕೊಟ್ಟರೆ ಹಣ ಬರುವುದು ಸೆಪ್ಟೆಂಬರ್ ಅಥವಾ ಅಕ್ಟೋಬರ್. ಅರ್ಧ ವರ್ಷ ವಿದ್ಯಾರ್ಥಿಯೇ ವಿಶ್ವವಿದ್ಯಾಲಯಕ್ಕೆ ಬಡ್ಡಿಯಿಲ್ಲದ ಸಾಲ ಕೊಟ್ಟ ಹಾಗಾಯಿತು. ಕ್ರೆಡಿಟ್ ಕಾರ್ಡ್ ಉಜ್ಜಿದ್ದರೆ ಬಡ್ಡಿ ವಿದ್ಯಾರ್ಥಿಯ ತಲೆ ಮೇಲೆ. ಆ ಬಡ್ಡಿಯನ್ನು ನಿಧಿಗಳು ಸಾಮಾನ್ಯವಾಗಿ ವಾಪಸ್ ಕೊಡುವುದಿಲ್ಲ. ಹೊರದೇಶದಿಂದ ಬಂದು ಆರು ತಿಂಗಳಾದ ವಿದ್ಯಾರ್ಥಿಗೆ ಎಷ್ಟೋ ಸಲ ಕಾರ್ಡೇ ಸಿಕ್ಕಿರುವುದಿಲ್ಲ.

ಕಾಗದದ ಮೇಲೆ ಇಬ್ಬರಿಗೂ ಒಂದೇ ಅನುದಾನ. ಒಬ್ಬಳ ಬ್ಯಾಂಕ್ ಖಾತೆಯಲ್ಲಿ ಅಪ್ಪ ಹಾಕಿದ ದುಡ್ಡಿದೆ, ಅವಳು ಹೋಗಿಬರುತ್ತಾಳೆ. ಇನ್ನೊಬ್ಬಳು ಅನುದಾನದ ಪತ್ರ ಕೈಯಲ್ಲಿ ಹಿಡಿದುಕೊಂಡೇ ಬರಲಾಗುವುದಿಲ್ಲ ಎಂದು ಮೇಲ್ ಬರೆಯುತ್ತಾಳೆ. ಅವಳು ಯಾಕೆ ಬರಲಿಲ್ಲ ಎಂದು ದಾಖಲೆಯಲ್ಲಿ ಎಲ್ಲೂ ಇರುವುದಿಲ್ಲ. ಆಸಕ್ತಿ ಇಲ್ಲ ಅಂದುಕೊಳ್ಳುತ್ತಾರೆ. ಆಯ್ಕೆ ಸಮಿತಿ ಎಷ್ಟೇ ನ್ಯಾಯವಾಗಿ ಅಂಕ ಹಾಕಿದ್ದರೂ ನಿಜವಾದ ಆಯ್ಕೆ ನಡೆದದ್ದು ಅಕೌಂಟ್ಸ್ ವಿಭಾಗದ ನಿಯಮದಲ್ಲಿ.

ಸರಿಪಡಿಸುವುದು ದೊಡ್ಡ ವಿದ್ಯೆಯಲ್ಲ. ಟಿಕೆಟ್, ವಸತಿಯನ್ನು ವಿಭಾಗವೇ ನೇರವಾಗಿ ಬುಕ್ ಮಾಡುವುದು. ಅನುದಾನದ ಮುಕ್ಕಾಲು ಭಾಗ ಮುಂಗಡ ಕೊಟ್ಟು, ಉಳಿದ ಕಾಲು ಭಾಗ ವರದಿ ಬಂದ ಮೇಲೆ ಕೊಡುವುದು. ಊಟ, ಸಣ್ಣಪುಟ್ಟ ಓಡಾಟಕ್ಕೆ ಬಿಲ್ ಕೇಳದೆ ದಿನಕ್ಕೆ ಇಷ್ಟು ಎಂದು ಭತ್ಯೆ ನಿಗದಿ ಮಾಡುವುದು. ನದಿ ದಾಟಿಸುವ ದೋಣಿಯವರು ಜಿಎಸ್‌ಟಿ ಬಿಲ್ಲನ್ನೋ ವ್ಯಾಟ್ ರಸೀದಿಯನ್ನೋ ಕೊಡುತ್ತಾರೆಯೇ?

ಸೀಸನ್ ಲೆಕ್ಕವೂ ಇದಕ್ಕೇ ಅಂಟಿಕೊಂಡಿದೆ. ಅಮೆರಿಕದ ಪಶ್ಚಿಮದ ಬೆಟ್ಟಗಳಲ್ಲಿ ಶೇಖರವಾದ ಹಿಮ ಅತಿ ಹೆಚ್ಚಾಗುವುದು ಏಪ್ರಿಲ್ ಆರಂಭದ ಹೊತ್ತಿಗೆ. ಹಿಮ ಅಳೆಯುವವರಿಗೆ ಅದೇ ಮುಖ್ಯ ಸಮಯ. ಚಳಿಗಾಲದಲ್ಲಿ ಅರ್ಜಿ ಕರೆದು ವಸಂತದಲ್ಲಿ ಫಲಿತಾಂಶ ಹೇಳುವ ನಿಧಿ ಬೇಸಿಗೆಯ ಭೂವಿಜ್ಞಾನಿಗೆ ಸರಿಹೊಂದುತ್ತದೆ. ಹಿಮದವರಿಗೆ ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಬಂದಾಗ ಹಲ್ಲಿಲ್ಲ. ಅಂಥವರು ಒಂದು ವರ್ಷ ಮುಂಚೆಯೇ ಅರ್ಜಿ ಹಾಕಬೇಕು. ಎಂಎಸ್ಸಿ ಎರಡೇ ವರ್ಷದ್ದಾದರೆ ಸೇರಿದ ಮೊದಲ ತಿಂಗಳುಗಳಲ್ಲೇ ಹಾಕಬೇಕಾಗುತ್ತದೆ.

ಕಾಲಿಗೆ ತೊಡರುವ ನಿಯಮಗಳು

ಕೆಲವು ನಿಯಮಗಳು ಮುಂಚೆ ಗೊತ್ತಿಲ್ಲದಿದ್ದರೆ ಇಡೀ ಪ್ರಯಾಣವನ್ನೇ ಕೆಡಿಸುತ್ತವೆ. ಅಮೆರಿಕದ ಫೆಡರಲ್ ಹಣದಲ್ಲಿ ಹಾರುವವರು ಫ್ಲೈ ಅಮೆರಿಕ ಕಾಯ್ದೆಯ ಪ್ರಕಾರ, ಕೆಲವು ವಿನಾಯಿತಿ ಬಿಟ್ಟರೆ, ಆ ದೇಶದ ವಿಮಾನ ಕಂಪನಿಗಳಲ್ಲೇ ಹೋಗಬೇಕು. ಅಗ್ಗದ ಬೇರೆ ಟಿಕೆಟ್ ತೆಗೆದು ಹಣ ಉಳಿಸಿದೆ ಎಂದು ಹೆಮ್ಮೆಪಟ್ಟರೆ ಪೂರ್ತಿ ಟಿಕೆಟ್ಟೇ ತಿರಸ್ಕೃತವಾಗಬಹುದು. ಅಲ್ಲಿನ ತೆರಿಗೆಯದ್ದೂ ಒಂದು ಗಂಟು ಇದೆ. ಡಿಗ್ರಿ ಓದುವವರ ಸ್ಕಾಲರ್‌ಶಿಪ್‌ನಲ್ಲಿ ಬೋಧನಾ ಶುಲ್ಕ, ಪುಸ್ತಕದಂಥ ಖರ್ಚಿಗೆ ತೆರಿಗೆ ಇಲ್ಲ, ಪ್ರಯಾಣಕ್ಕೆ ಖರ್ಚಾದ ಭಾಗಕ್ಕೆ ಇದೆ. ಹಾಗಾಗಿ ಹಣವನ್ನು ಸ್ಕಾಲರ್‌ಶಿಪ್ ಎಂದು ಕೊಡುತ್ತಾರೋ, ಸಂಸ್ಥೆಯ ಕೆಲಸದ ಖರ್ಚು ಎಂದು ಭರಿಸುತ್ತಾರೋ ಎಂದು ಮೊದಲೇ ಕೇಳಿಕೊಳ್ಳಬೇಕು.

ಇನ್ನು ಮಾದರಿಗಳು. 2010ರಲ್ಲಿ ಒಪ್ಪಿ 2014ರಲ್ಲಿ ಜಾರಿಗೆ ಬಂದ ನಗೋಯಾ ಎಂಬ ಅಂತರರಾಷ್ಟ್ರೀಯ ಒಪ್ಪಂದ ಸಸ್ಯ, ಪ್ರಾಣಿ, ಸೂಕ್ಷ್ಮಜೀವಿಗಳ ಆನುವಂಶಿಕ ವಸ್ತುವಿನ ಬಳಕೆಗೆ ಸಂಬಂಧಿಸಿದ್ದು. ಮಣ್ಣಿನ ಸೂಕ್ಷ್ಮಜೀವಿಗಳ ಡಿಎನ್‌ಎ ನೋಡುವವರೂ ಇದರ ವ್ಯಾಪ್ತಿಗೆ ಬರಬಹುದು. ಆತಿಥೇಯ ದೇಶದ ಒಪ್ಪಿಗೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅನುದಾನದ ಅವಧಿ ಒಂದೇ ವರ್ಷ ಇದ್ದರೆ ಒಪ್ಪಿಗೆ ಬರುವ ಹೊತ್ತಿಗೆ ಅನುದಾನ ಮುಗಿದಿರುತ್ತದೆ.

ಸುರಕ್ಷತೆಯ ವಿಷಯ ಮೊದಲು ಬಂಡೆ, ಹಾವು, ಚಳಿ ಇವಿಷ್ಟೇ ಅಂದುಕೊಂಡಿದ್ದರು. 2014ರಲ್ಲಿ 666 ಫೀಲ್ಡ್ ಸಂಶೋಧಕರ ಸಮೀಕ್ಷೆಯೊಂದು ಪ್ರಕಟವಾಯಿತು. ಉತ್ತರಿಸಿದವರಲ್ಲಿ ಶೇ 64 ಮಂದಿ ಫೀಲ್ಡ್‌ನಲ್ಲಿ ಲೈಂಗಿಕ ಕಿರುಕುಳ ಅನುಭವಿಸಿದ್ದಾಗಿ ಹೇಳಿದ್ದರು. 2023ರಿಂದ ಅಮೆರಿಕದಲ್ಲಿ ಸಂಶೋಧನೆಗೆ ಸರ್ಕಾರದ ಹಣ ಕೊಡುವ ನ್ಯಾಷನಲ್ ಸೈನ್ಸ್ ಫೌಂಡೇಷನ್ ಕ್ಯಾಂಪಸ್ ಹೊರಗಿನ ಸಂಶೋಧನೆಗೆ ಸುರಕ್ಷತಾ ಯೋಜನೆ ಇರಲೇಬೇಕು ಎಂದಿದೆ. ನನಗೆ ಕಂಡಂತೆ ಇದಕ್ಕೂ ದುಡ್ಡಿಗೂ ನೇರ ಸಂಬಂಧ ಇದೆ. ಮಧ್ಯದಲ್ಲಿ ಬಿಟ್ಟು ಬರಲು ಟಿಕೆಟ್‌ಗೆ ಹಣವಿಲ್ಲದ ವಿದ್ಯಾರ್ಥಿ ಅಲ್ಲೇ ಸಹಿಸಿಕೊಂಡು ಇರುತ್ತಾಳೆ. ತುರ್ತಾಗಿ ವಾಪಸ್ ಬರುವ ಖರ್ಚನ್ನು ನಿಧಿ ಕೊಡುತ್ತದೆ, ಕಾರಣ ಕೇಳುವುದಿಲ್ಲ ಎಂದು ಪತ್ರದಲ್ಲೇ ಬರೆದಿರಬೇಕು.

ಅರ್ಜಿಯಲ್ಲಿ ಏನು ಬರೆಯಬೇಕು

‘ಹಿಮನದಿ ಠಾಣೆಗೆ ಭೇಟಿ ನೀಡಿ ಅಮೂಲ್ಯ ಅನುಭವ ಪಡೆಯುವುದು ನನ್ನ ಉದ್ದೇಶ.’ ಇಂಥ ಸಾಲು ಓದಿ ಓದಿ ಸಮಿತಿಯವರಿಗೆ ಕಣ್ಣು ಎಳೆಯುತ್ತಿರುತ್ತದೆ. ಇದರಲ್ಲಿ ಸುಳ್ಳಿಲ್ಲ, ಆದರೆ ಏನೂ ಇಲ್ಲ.

ಅದನ್ನೇ ಹೀಗೆ ಬರೆದರೆ? ‘ನನ್ನ ಕಂಪ್ಯೂಟರ್ ಮಾದರಿ ಹಿಮದ ಸಾಂದ್ರತೆ ಎಲ್ಲೆಡೆ ಒಂದೇ ಎಂದು ಇಟ್ಟುಕೊಳ್ಳುತ್ತದೆ. ನಿಜದಲ್ಲಿ ಹೊಸ ಹಿಮ ಘನಮೀಟರ್‌ಗೆ 100 ಕಿಲೋ ಇದ್ದರೆ, ಕೆಳಗೆ ಅದುಮಿದ ಹಳೆಯ ಹಿಮ 400 ಕಿಲೋ ಇರಬಹುದು. ಠಾಣೆಯ ತಂಡ ಗುಂಡಿ ತೋಡಿ ಪದರ ಪದರವಾಗಿ ಹಿಮವನ್ನು ತೂಗುತ್ತದೆ. ಹತ್ತು ದಿನ ಅವರ ಜೊತೆ ಈ ಕೆಲಸ ಕಲಿತು, ನನ್ನ ಮಾದರಿಯ ಸಂಖ್ಯೆಗಳನ್ನು ತಿದ್ದುತ್ತೇನೆ. ಬಂದ ಮೇಲೆ ವಿಭಾಗದ ವಿದ್ಯಾರ್ಥಿಗಳಿಗೆ ಅರ್ಧ ದಿನ ಇದನ್ನು ಮಾಡಿ ತೋರಿಸುತ್ತೇನೆ.’

ಇಲ್ಲಿ ವಿದ್ಯಾರ್ಥಿಗೆ ಏನು ಗೊತ್ತಿಲ್ಲ ಅನ್ನುವುದು ಸ್ಪಷ್ಟ. ಅದು ಆ ಜಾಗದಲ್ಲೇ ಯಾಕೆ ಸಿಗುತ್ತದೆ ಅನ್ನುವುದೂ ಸ್ಪಷ್ಟ. ಹತ್ತೇ ದಿನ ಯಾಕೆ ಅನ್ನುವುದನ್ನು ಇನ್ನೊಂದು ಸಾಲಿನಲ್ಲಿ ಸೇರಿಸಿದರೆ ಇನ್ನೂ ಚೆನ್ನ. ಬಜೆಟ್‌ನಲ್ಲಿ ದುಂಡು ಸಂಖ್ಯೆ ಬೇಡ. ಯಾವ ದಿನ ನೋಡಿದ ದರ ಎಂದು ಬರೆದರೆ ನಂಬಿಕೆ ಹುಟ್ಟುತ್ತದೆ. ಬೇರೆ ಯಾವ ನಿಧಿಗೆ ಅರ್ಜಿ ಹಾಕಿದ್ದೀರಿ ಎಂದು ಮುಚ್ಚಿಡುವುದಂತೂ ಬೇಡವೇ ಬೇಡ. ಬೇರೆಯವರೂ ಹಣ ಹಾಕುತ್ತಿದ್ದಾರೆ ಅಂದರೆ ಸಮಿತಿಗೆ ಧೈರ್ಯ ಬರುತ್ತದೆ.

ವಿಮಾನ ಬೇಕೇ ಅನ್ನುವ ಪ್ರಶ್ನೆಯನ್ನೂ ಈಗ ಕೇಳುತ್ತಾರೆ. ಹವಾಮಾನ ಬದಲಾವಣೆ ಓದಲು ಖಂಡ ದಾಟಿ ಹಾರುವುದು ವಿಚಿತ್ರವೇ. 2020ರಲ್ಲಿ ಕೋವಿಡ್‌ನಿಂದ ಫೀಲ್ಡ್ ಶಿಬಿರಗಳು ರದ್ದಾದಾಗ ಶಿಕ್ಷಕರು ಆನ್‌ಲೈನ್ ಫೀಲ್ಡ್ ಅಭ್ಯಾಸಗಳನ್ನು ಕಟ್ಟಿದರು. ನಕ್ಷೆ ಓದುವುದಕ್ಕೆ, ಹೋಗುವ ಮುಂಚಿನ ತಯಾರಿಗೆ ಅವು ಚೆನ್ನಾಗಿವೆ. ಬೆರಳಲ್ಲಿ ಮಣ್ಣಿನ ಪಟ್ಟಿ ಎಳೆಯುವುದನ್ನು ಅವು ಕಲಿಸಲಾರವು. ಹತ್ತಿರದ ಜಾಗದಲ್ಲೇ ಅದೇ ಕೌಶಲ ಸಿಗುವುದಾದರೆ ಹತ್ತಿರಕ್ಕೇ ಹೋಗಬೇಕು, ಅದರಲ್ಲಿ ಅನುಮಾನ ಬೇಡ.

ನಿಧಿ ನಡೆಸುವವರ ಲೆಕ್ಕ

ಟೇಬಲ್ಲಿನ ಆ ಕಡೆ ಕೂತವರಿಗೂ ಒಂದು ಕಷ್ಟದ ಆಯ್ಕೆ ಇದೆ. ಕೈಯಲ್ಲಿ 4,000 ಡಾಲರ್ ಇದೆ. ಎಂಟು ಜನರಿಗೆ ತಲಾ 500 ಕೊಡುವುದೋ, ಇಬ್ಬರಿಗೆ ತಲಾ 2,000 ಕೊಡುವುದೋ? ಎಂಟು ಅಂದರೆ ವಾರ್ಷಿಕ ವರದಿಯಲ್ಲಿ ಚೆನ್ನಾಗಿ ಕಾಣುತ್ತದೆ, ಎಂಟು ಫೋಟೋ ಹಾಕಬಹುದು. ಆದರೆ 2,000ದ ಪ್ರಯಾಣಕ್ಕೆ 500 ಸಿಕ್ಕವರಲ್ಲಿ ಹೋಗುವವರು ಯಾರು? ಉಳಿದ 1,500 ಹೇಗೋ ಹೊಂದಿಸಬಲ್ಲವರು. ಅವರಲ್ಲಿ ಕೆಲವರು ನಿಮ್ಮ ನೆರವು ಇಲ್ಲದೆಯೂ ಹೋಗುತ್ತಿದ್ದರು.

ನನ್ನ ಓಟು ಪೂರ್ತಿ ಖರ್ಚು ಕೊಡುವ ಕಡೆಗೆ. ಒಬ್ಬರಿಗೆ 2,000 ಪೂರ್ತಿ, ಅದೂ ಮುಂಗಡವಾಗಿ. ಬೇರೆ ಕಡೆಯಿಂದ ಹೆಚ್ಚುಪಾಲು ಹಣ ಈಗಾಗಲೇ ಸಿಕ್ಕಿದ್ದು, ಸ್ವಲ್ಪ ಮಾತ್ರ ಕಮ್ಮಿ ಬಿದ್ದಿರುವ ಇಬ್ಬರಿಗೆ 600, 600. ಉಳಿಯುವ 800ನ್ನು ಯಾರಿಗೂ ಹಂಚದೆ ಫೀಲ್ಡ್ ಸೀಸನ್ ಮುಗಿಯುವವರೆಗೆ ಹಾಗೇ ಇಟ್ಟಿರಬೇಕು. ವೀಸಾ ತಡವಾಗಿ ಟಿಕೆಟ್ ಬದಲಾಯಿಸಬೇಕಾದವರು, ಮೂರನೇ ದಿನಕ್ಕೇ ಕಾಲು ಉಳುಕಿ ವಾಪಸ್ ಬರಬೇಕಾದವರು ಯಾರಾದರೂ ಇದ್ದೇ ಇರುತ್ತಾರೆ.